ವಿದ್ಯಾರ್ಥಿಗಳ ಅಭಿಪ್ರಾಯ ಫಲಕ

ಸೂಚನಾ ಫಲಕವಿಲ್ಲದ ಶಾಲೆಯಿಲ್ಲ. ವೇಳಾಪಟ್ಟಿ, ರಜೆಯ ಪ್ರಕಟಣೆ, ಪರೀಕ್ಷಾ ಶುಲ್ಕದ ಕಡೆಯ ದಿನಾಂಕ ಇವೆಲ್ಲವೂ ಅದರ ಮೇಲಿರುತ್ತವೆ. ಅಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ಓದಿ ನಡೆದುಕೊಳ್ಳುವುದಷ್ಟೇ ವಿದ್ಯಾರ್ಥಿಯ ಪಾಲಿನದು. ಅದರ ಮಗ್ಗುಲಲ್ಲಿಯೇ ವಿದ್ಯಾರ್ಥಿಗಳು ಬರೆದು ಉತ್ತರ ಪಡೆಯುವ ಇನ್ನೊಂದು ಫಲಕವಿದ್ದರೆ ಮಾತು ಎರಡೂ ಕಡೆಗೆ ಹರಿಯುತ್ತದೆ.

ಈ ಕ್ರಮವನ್ನು ಶಿಸ್ತಾಗಿ ರೂಪಿಸಿದವರಲ್ಲಿ ಫ್ರಾನ್ಸಿನ ಶಿಕ್ಷಕ ಸೆಲೆಸ್ತ್ಯಾಂ ಫ್ರೆನೆ (1896–1966) ಪ್ರಮುಖರು. ಅವರ ಗೋಡೆ ಪತ್ರಿಕೆಯಲ್ಲಿ ಟೀಕೆ, ಅಭಿನಂದನೆ, ಬೇಡಿಕೆ, ಸಾಧನೆ ಎಂಬ ಅಂಕಣಗಳಿದ್ದವು. ಮಕ್ಕಳು ವಾರವಿಡೀ ಬರೆದು ಸಹಿ ಮಾಡುತ್ತಿದ್ದರು. ವಾರದ ಸಭೆಯಲ್ಲಿ ಅವನ್ನು ಓದಿ ಚರ್ಚಿಸಲಾಗುತ್ತಿತ್ತು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 1992ರಲ್ಲಿ ಭಾರತವೂ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ನೀಡಿದೆ.

ಶರಣ ಪರಂಪರೆಯ ಶಾಲೆಗಳಿಗಂತೂ ಇದು ಹೊರಗಿನ ವಿಚಾರವಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದ, ಆಕೆ ಅಳುಕದೆ ಉತ್ತರಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕಿರಿಯರು ಮಾತನಾಡಿದರೆ ಹಿರಿಯರ ಗೌರವ ಕುಂದದೆಂಬುದಕ್ಕೆ ಅದೇ ನಿದರ್ಶನ.

ಫಲಕದ ರಚನೆ ಸರಳ. ಬಟ್ಟೆ ಹೊದಿಸಿದ ಮೆದು ಹಲಗೆಯನ್ನು ಕಿರಿಯ ತರಗತಿಯ ಮಗುವಿನ ಕೈಗೆ ಎಟಕುವಂತೆ ತೂಗುಹಾಕಬೇಕು. ಪ್ರಶ್ನೆ, ಮೆಚ್ಚುಗೆ, ಕೊರತೆ, ಸಲಹೆ ಎಂದು ನಾಲ್ಕು ಭಾಗ ಮಾಡಿ, ಪ್ರತಿಯೊಂದರ ಕೆಳಗೂ ಉತ್ತರಕ್ಕೆ ಸ್ಥಳ ಬಿಡಬೇಕು. ಚೀಟಿ, ಗುಂಡುಸೂಜಿ, ಪೆನ್ಸಿಲು ಪಕ್ಕದಲ್ಲಿಯೇ ಇರಲಿ. ಗ್ರಂಥಾಲಯವನ್ನು ಭಾನುವಾರವೂ ತೆರೆಯಬೇಕೆ ಎಂಬಂಥ ಪ್ರಶ್ನೆಯೊಂದನ್ನು ವಾರಕ್ಕೊಮ್ಮೆ ಹಾಕಿದರೆ, ಬರೆಯಲು ಸಂಕೋಚಪಡುವವರೂ ಮುಂದೆ ಬರುತ್ತಾರೆ. ಇಬ್ಬರು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು ತಿಂಗಳ ಸರದಿಯಂತೆ ಇದರ ಹೊಣೆ ಹೊರಬಹುದು.

ನಿಯಮಗಳು ಕೆಲವೇ ಇರಲಿ. ಟೀಕೆ ಕೆಲಸದ ಮೇಲಿರಬೇಕು, ವ್ಯಕ್ತಿಯ ಮೇಲಲ್ಲ. ಜಾತಿ, ರೂಪ, ಬಡತನಗಳ ಹಾಸ್ಯಕ್ಕೆ ಎಡೆಯಿಲ್ಲ. ಮನೆಯ ದುಃಖ, ಯಾರಿಂದಲೋ ಆದ ಹಿಂಸೆ ಮೊದಲಾದವುಗಳಿಗೆ ಬೀಗ ಹಾಕಿದ ಪೆಟ್ಟಿಗೆಯೊಂದು ಬೇರೆಯೇ ಇರಬೇಕು; ಅದನ್ನು ಮುಖ್ಯೋಪಾಧ್ಯಾಯರೇ ತೆರೆಯಬೇಕು. ಚೀಟಿಯ ಕಾಗುಣಿತದ ತಪ್ಪಿಗೆ ಕೆಂಪು ಶಾಯಿ ಬೇಡ.

ನಿಜವಾದ ಪರೀಕ್ಷೆ ಮುಂದಿದೆ. ಪ್ರಸಾದ ನಿಲಯದ ಸಾರು ತೆಳುವಾಗಿದೆಯೆಂದು ಒಬ್ಬ ಹುಡುಗ ಬರೆದನೆನ್ನೋಣ. ಮರುದಿನ ಆ ಚೀಟಿ ಕಾಣೆಯಾದರೆ ಉಳಿದವರೆಲ್ಲರೂ ಪಾಠ ಕಲಿಯುತ್ತಾರೆ: ಹೊಗಳಿಕೆಯನ್ನು ಮಾತ್ರ ಬರೆಯಬೇಕೆಂಬ ಪಾಠವನ್ನು. ಅಂದಿನಿಂದ ಫಲಕ ಅಲಂಕಾರದ ವಸ್ತು. ಬದಲಾಗಿ ಬೇಳೆಯ ಬೆಲೆ, ಉಣ್ಣುವವರ ಸಂಖ್ಯೆ, ಸಾಧ್ಯವಿರುವ ಸುಧಾರಣೆಗಳನ್ನು ವ್ಯವಸ್ಥಾಪಕರು ಅದೇ ವಾರ ಚೀಟಿಯ ಕೆಳಗೆ ಬರೆದರೆ, ಹುಡುಗನಿಗೆ ಲೆಕ್ಕವೂ ತಿಳಿಯುತ್ತದೆ, ಸಂಸ್ಥೆಯ ಮೇಲೆ ವಿಶ್ವಾಸವೂ ಬೆಳೆಯುತ್ತದೆ. ಆಗದ್ದನ್ನು ಆಗದೆಂದು ಕಾರಣಸಹಿತ ಹೇಳುವುದೂ ಉತ್ತರವೇ.

ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳ ಮುಂದೆ ಈ ಹಲಗೆಯ ಖರ್ಚು ಅತ್ಯಲ್ಪ. ಇದು ಬೇಡುವುದು ಹಣವನ್ನಲ್ಲ, ಹಿರಿಯರ ಸಹನೆಯನ್ನು.