ಉಪ್ಪಿನ ಅಧಿಕಾರಿಯ ಪಿಕ್‌ನಿಕ್ಕು

ಹಾಂಗ್‌ಕಾಂಗಿನಲ್ಲಿರುವ ತಂಗಿಯ ಮನೆಗೆ ಹೋದ ಎರಡನೇ ವಾರಕ್ಕೇ ಅಮ್ಮನಿಗೆ ಅಲ್ಲಿನ ಗಗನಚುಂಬಿಗಳು ಸಾಕಾಗಿದ್ದವು. ‘ಸಮುದ್ರದ ಹತ್ರ ಒಂದು ದೇವಸ್ಥಾನ ಇಲ್ವಾ ಇಲ್ಲಿ?’ ಎಂದರು. ಉಡುಪಿ ಕಡೆಯವರು, ಎರಡೂ ಒಟ್ಟಿಗೇ ಬೇಕು. ಭಾನುವಾರ ಬೆಳಿಗ್ಗೆ ಡಬ್ಬಿಗೆ ಚಪಾತಿ, ಮಿಡಿ ಉಪ್ಪಿನಕಾಯಿ ತುಂಬಿಕೊಂಡು ಪೋ ಲಾಮ್ ಮೆಟ್ರೋ ನಿಲ್ದಾಣದಿಂದ 16ನೇ ನಂಬರಿನ ಮಿನಿಬಸ್ ಹತ್ತಿದೆವು. ಅಮ್ಮ, ತಂಗಿ, ಭಾವ, ಅವರ ಒಂಬತ್ತು ವರ್ಷದ ಮಗಳು ಮತ್ತು ನಾನು.

ಹೊರಟಿದ್ದು ಜಾಸ್ ಹೌಸ್ ಬೇ ಎಂಬ ಕೊಲ್ಲಿಯಲ್ಲಿರುವ, ಮೀನುಗಾರರ ದೇವಿ ತಿನ್ ಹೌಳ ಗುಡಿಗೆ. ‘ಜಾಸ್’ ಎಂದರೆ ದೇವರು. ಪೋರ್ಚುಗೀಸರ ‘ದೇವುಶ್’ ಬಂದರಿನಿಂದ ಬಂದರಿಗೆ ತಿರುಗಿ ಸವೆದ ರೂಪ. ಹಾಗೆ ನೋಡಿದರೆ ನಮ್ಮ ‘ದೇವ’ನಿಗೂ ದೂರದ ನೆಂಟ. ಸ್ಥಳೀಯರಿಗೆ ಮಾತ್ರ ಅದು ‘ತಾಯ್ ಮಿಯು’, ದೊಡ್ಡ ಗುಡಿ.

ಬಸ್ಸು ಇಳಿದಲ್ಲಿ ಕಾಣುವುದು ಗಾಲ್ಫ್ ಕ್ಲಬ್ಬು. ಗುಡಿಗೆ ಮರಗಳ ನಡುವೆ ಮೆಟ್ಟಿಲು ಇಳಿಯಬೇಕು. ದೇವರನ್ನು ನೋಡಲು ಹತ್ತಿಯೇ ಅಭ್ಯಾಸವಿರುವ ಅಮ್ಮನಿಗೆ ಇದು ಸಮಾಧಾನವೇ ಆಯಿತು, ವಾಪಸು ಬರುವಾಗಿನ ಮಾತು ಬೇರೆ. ಅಸಲಿಗೆ ಈ ಗುಡಿಯ ಭಕ್ತರು ದೋಣಿಯಲ್ಲಿ ಬರುತ್ತಿದ್ದವರು. ಗುಡಿಯ ಮುಖ ಕಡಲಿನ ಕಡೆಗೆ. ಬಸ್ಸಿನಲ್ಲಿ ಬಂದ ನಾವು ಹಿತ್ತಿಲ ಬಾಗಿಲಿನಿಂದ ನುಗ್ಗಿದಂತೆ.

ಗುಡಿಯ ಹಿಂದಿನ ಇಳಿಜಾರಿನಲ್ಲೊಂದು ಬಂಡೆಯಿದೆ. ನಾನು ಕಾದಿದ್ದದ್ದು ಅದಕ್ಕೆ. ಅದರ ಮೇಲೆ 108 ಚೀನೀ ಅಕ್ಷರಗಳು, ಕಾಲ 1274. ಹಾಂಗ್‌ಕಾಂಗಿನಲ್ಲಿ ಇಸವಿ ನಮೂದಾಗಿರುವ ಶಾಸನಗಳಲ್ಲಿ ಇದೇ ಅತಿ ಹಳೆಯದು. ದಾನ, ದತ್ತಿ, ಶಾಪಗಳ ಶಾಸನ ಓದಿ ಬೆಳೆದ ನಮಗೆ ಇದರ ವಿಷಯ ವಿಚಿತ್ರ ಎನಿಸೀತು. ಸುತ್ತಲಿನ ಉಪ್ಪಿನ ಗದ್ದೆಗಳನ್ನು ನೋಡಿಕೊಳ್ಳುತ್ತಿದ್ದ ಸುಂಗ್ ಸಾಮ್ರಾಜ್ಯದ ಅಧಿಕಾರಿಯೊಬ್ಬ ಗೆಳೆಯನ ಜತೆ ಇಲ್ಲಿಗೆ ತಿರುಗಾಟಕ್ಕೆ ಬಂದಿದ್ದ. ಬಂದದ್ದನ್ನೂ ಇಲ್ಲಿನ ಗುಡಿಗಳನ್ನು ಯಾರು ಕಟ್ಟಿಸಿದರು, ಯಾರು ಜೀರ್ಣೋದ್ಧಾರ ಮಾಡಿದರು ಎಂಬುದನ್ನೂ ಕೆತ್ತಿಸಿಟ್ಟ. ಐದೇ ವರ್ಷಕ್ಕೆ, 1279ರಲ್ಲಿ, ಮಂಗೋಲರ ನೌಕೆಗಳೆದುರು ಸೋತು ಸುಂಗ್ ವಂಶವೇ ಸಮುದ್ರದಲ್ಲಿ ಮುಳುಗಿತು. ಕೊನೆಯ ಬಾಲ ಚಕ್ರವರ್ತಿಯೂ ನೀರುಪಾಲಾದ. ಉಪ್ಪಿನ ಅಧಿಕಾರಿಯ ಪಿಕ್‌ನಿಕ್ಕು ಮಾತ್ರ ಬಂಡೆಯ ಮೇಲೆ ಉಳಿದಿದೆ.

‘ನಾವೂ ಹೆಸರು ಬರೆಯೋಣ್ವಾ?’ ಎಂದಳು ಸೊಸೆ. ಭಾವ ಅವಳ ಕೈಯಿಂದ ಪೆನ್ನು ಕಿತ್ತುಕೊಂಡರು.

ಗುಡಿ ಕಟ್ಟಿದ್ದು 1266ರಲ್ಲಿ ಎನ್ನುತ್ತಾರೆ. ನಮ್ಮ ಸೋಮನಾಥಪುರದ ಕೇಶವ ದೇವಾಲಯಕ್ಕಿಂತ ಎಂಟು ವರ್ಷ ಚಿಕ್ಕದು. ಆದರೆ ಆ ಬಗೆಯ ಕಲ್ಲಿನ ಕೆಲಸ ಹುಡುಕಿ ಹೋದರೆ ನಿರಾಸೆಯೇ. 1962ರ ವಾಂಡಾ ಚಂಡಮಾರುತದ ಹೊಡೆತ ತಿಂದು ದುರಸ್ತಿಯಾದ ಕಟ್ಟಡ ಇದು. ಇಲ್ಲಿ ಹಳೆಯದು ಜಾಗ, ಮತ್ತು ನಂಬಿಕೆ. ದೋಣಿ ಒಡೆದ ಲಿನ್ ಮನೆತನದ ಅಣ್ಣತಮ್ಮಂದಿರು ದೇವಿಯ ವಿಗ್ರಹವನ್ನು ಅಪ್ಪಿಕೊಂಡು ಎದುರಿನ ದ್ವೀಪದಲ್ಲಿ ದಡ ಸೇರಿದರಂತೆ. ಅಲ್ಲಿ ಅವರು ಮೊದಲ ಗುಡಿ ಕಟ್ಟಿದರು. ಈಚೆ ದಡದ್ದು ಅವರ ವಂಶದವರದು.

ದೇವಿ ಹುಟ್ಟು ದೇವಿಯಲ್ಲ. 960ರಲ್ಲಿ ಫೂಜಿಯನ್ ಕರಾವಳಿಯ ಮೇಝೌ ದ್ವೀಪದಲ್ಲಿ ಹುಟ್ಟಿದಳೆನ್ನುವ ಹುಡುಗಿ. ಮಗ್ಗದ ಮುಂದೆ ಮೈಮರೆತು ಕೂತಿದ್ದಾಗ ಬಿರುಗಾಳಿಗೆ ಸಿಕ್ಕ ಅಪ್ಪನನ್ನೂ ಅಣ್ಣಂದಿರನ್ನೂ ಕಾಯುತ್ತಿದ್ದಳಂತೆ. ಅವಳ ತಾಯಿ ಅಲುಗಿಸಿ ಎಬ್ಬಿಸಿದ್ದರಿಂದ ಒಬ್ಬರು ಕೈತಪ್ಪಿ ಹೋದರು. ಈ ಕಥೆ ಕೇಳಿ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾತು ಬಂದದ್ದು ಒಳಗೆ ಮಂಚ ಕಂಡಾಗ. ಹಾಸಿಗೆ ಸಮೇತ ದೇವಿಯ ಮಲಗುವ ಮಂಚ! ‘ಕೃಷ್ಣಮಠದಲ್ಲಿ ಏಕಾಂತ ಸೇವೆ ಇಲ್ವಾ, ಇವಳಿಗೂ ನಿದ್ದೆ ಬೇಡ್ವಾ?’ ಎಂದು ತಾವೇ ಬಗೆಹರಿಸಿಕೊಂಡರು. ಮಲ್ಪೆಯ ಮೊಗವೀರರು ಉಚ್ಚಿಲದ ಮಹಾಲಕ್ಷ್ಮಿಗೆ ಹರಸಿಕೊಳ್ಳುವುದನ್ನು ಕಂಡವರಿಗೆ ಮೀನುಗಾರರ ದೇವಿ ಹೊಸಬಳಲ್ಲ. ಊದುಬತ್ತಿ ಹಚ್ಚಿ ಹಣೆಗೊತ್ತಿಕೊಂಡರು. ಆಮೇಲೆ ಕಡಲಿಗೆ ಮುಖ ಮಾಡಿ ಕೂತು ಚಪಾತಿ ತಿಂದೆವು.

ಚೀನೀ ಪಂಚಾಂಗದ ಮೂರನೇ ತಿಂಗಳ 23ನೇ ದಿನ ದೇವಿಯ ಹುಟ್ಟುಹಬ್ಬ. ಆ ಹೊತ್ತಿಗೆ ನಾರ್ತ್ ಪಾಯಿಂಟಿನಿಂದ ದೋಣಿ ಬಿಡುತ್ತಾರೆ, ಸಾವಿರಾರು ಜನ ಮುಂಬಾಗಿಲಿನಿಂದಲೇ ಬರುತ್ತಾರೆ. ಉಳಿದ ದಿನ ಹೋಗುವವರು ಮೆಟ್ಟಿಲು ಇಳಿಯುವ ಅವಸರದಲ್ಲಿ ಬಂಡೆಯನ್ನು ದಾಟಿ ಹೋಗಬೇಡಿ.