ಮನೆಗೆ ಬಂದ ಲ್ಯಾಬ್ ತಕ್ಕಡಿ

ಲ್ಯಾಬಿನ ಹಳೇ ಎಲೆಕ್ಟ್ರಾನಿಕ್ ತಕ್ಕಡಿ ಅಗ್ಗಕ್ಕೆ ಸಿಕ್ಕಿತೇ? ರಜೆಯಲ್ಲಿ ಟಿವಿ ಮುಂದೆ ಕೂರುವ ಮಕ್ಕಳಿಗೆ ಇದೇ ಆಟಿಕೆ, ಇದೇ ಪಾಠ.

ಮೊದಲು ತಟ್ಟೆ ಚೆನ್ನಾಗಿ ಒರೆಸಿ. ಹಿಂದೆ ಯಾವ ರಾಸಾಯನಿಕ ತೂಗಿದ್ದರೋ! ಹಾಗಾಗಿ ಅಡುಗೆ ಪದಾರ್ಥಕ್ಕೆ ಬೇಡ. ಅಲ್ಲಾಡದ ಮೇಜಿನ ಮೇಲಿಟ್ಟು, ಫ್ಯಾನ್ ಆರಿಸಿ, ಅರ್ಧ ಗಂಟೆ ಆನ್ ಮಾಡಿ ಬಿಡಿ. 2011ರ ಸರಣಿಯ, ಸವೆಯದ ಐದು ರೂಪಾಯಿ ನಾಣ್ಯ 6 ಗ್ರಾಂ ತೂಗಬೇಕು. ತಕ್ಕಡಿಯ ಸಾಚಾತನ ಅಲ್ಲೇ ತಿಳಿಯುತ್ತೆ.

ಕರ್ಪೂರದ ಬಿಲ್ಲೆಯನ್ನು ಕಾಗದದ ಮೇಲಿಟ್ಟು ಗಂಟೆಗೊಮ್ಮೆ ತೂಕ ಬರೆಸಿ. ಕರಗದೆಯೇ ಆವಿಯಾಗುವುದನ್ನು ಮಕ್ಕಳು ಅಂಕಿಯಲ್ಲೇ ಕಾಣುತ್ತಾರೆ.

ಇನ್ನು ನಿಮ್ಮ ಸರದಿ. ಕಲ್ಲಿಲ್ಲದ, ಟೊಳ್ಳಲ್ಲದ ಚಿನ್ನದ ಉಂಗುರ ತೂಗಿ. ಆಮೇಲೆ ನೀರಿರುವ ಪುಟ್ಟ ಪ್ಲಾಸ್ಟಿಕ್ ಲೋಟವಿಟ್ಟು ಸೊನ್ನೆ ಮಾಡಿ, ಉಂಗುರವನ್ನು ದಾರದಲ್ಲಿ ಹಿಡಿದು ತಳ ತಾಗದಂತೆ ಮುಳುಗಿಸಿ. ಮೊದಲ ತೂಕವನ್ನು ಈಗ ಕಂಡ ಅಂಕಿಯಿಂದ ಭಾಗಿಸಿ. 22 ಕ್ಯಾರೆಟ್ ಆದರೆ 17.5ರಿಂದ 18ರ ಆಸುಪಾಸು ಬರಬೇಕು.

12 ಬಂತೇ? ತಕ್ಷಣ ಅಕ್ಕಸಾಲಿಗರ ಮೇಲೆ ಗೂಬೆ ಕೂರಿಸಬೇಡಿ. ಗಾಳಿಗುಳ್ಳೆ ಅಂಟಿದ್ದರೂ ಲೆಕ್ಕ ತಪ್ಪುತ್ತೆ. ಮೂರು ಸಲ ಮಾಡಿಯೂ ಅಷ್ಟೇ ಬಂದರೆ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಕಷ್ಟಕಾಲಕ್ಕೆಂದು ಎತ್ತಿಟ್ಟ ಒಡವೆಯ ನಿಜ, ಅಡವಿಡುವ ದಿನ ಗೊತ್ತಾಗುವುದಕ್ಕಿಂತ ಇಂದೇ ಗೊತ್ತಾಗುವುದು ಒಳ್ಳೆಯದಲ್ಲವೇ?