ಗ್ರಂಥಸ್ವಾಮ್ಯವೂ ಉಚಿತ ನ್ಯಾಯಸಲಹೆಯೂ

ತಾನು ಬರೆದ ಗ್ರಂಥದ ಮೇಲೆ ತನಗೆ ಯಾವ ಸ್ವಾಮ್ಯವುಂಟೆಂಬುದನ್ನು ಗ್ರಂಥಕರ್ತನು ವಿಚಾರಿಸುವುದು ಬಹುಮಟ್ಟಿಗೆ ಆ ಸ್ವಾಮ್ಯವು ಕೈಬಿಟ್ಟುಹೋದ ಮೇಲೆಯೇ. ಕೃತಿಯು ಅಚ್ಚಾಗುವುದೆಂಬ ಸಂತೋಷದಲ್ಲಿ, ಪ್ರಕಾಶಕರು ಮುಂದಿಟ್ಟ ಕರಾರುಪತ್ರಕ್ಕೆ ಓದದೆಯೇ ರುಜು ಹಾಕುವವರು ವಿದ್ವಾಂಸರಲ್ಲಿಯೂ ಇಲ್ಲದಿಲ್ಲ. ಗ್ರಂಥಸ್ವಾಮ್ಯವನ್ನು ಕುರಿತ ಸಲಹೆಯು ವ್ಯಾಜ್ಯಕಾಲಕ್ಕಿಂತಲೂ ರುಜುವಿಗೆ ಪೂರ್ವದಲ್ಲಿ ಹೆಚ್ಚು ಪ್ರಯೋಜನಕರವೆಂಬುದನ್ನೂ, ಅದನ್ನು ವೆಚ್ಚವಿಲ್ಲದೆ ಪಡೆಯುವ ಮಾರ್ಗವು ನಮ್ಮ ಶಾಸನದಲ್ಲಿಯೇ ಇರುವುದನ್ನೂ ಇಲ್ಲಿ ನಿರೂಪಿಸಲಾಗುವುದು.

೧೯೧೪ರ ಶಾಸನದ ಸ್ಥಾನದಲ್ಲಿ ಬಂದ ೧೯೫೭ರ ಗ್ರಂಥಸ್ವಾಮ್ಯ ಶಾಸನವು ೧೯೫೮ನೆಯ ಜನವರಿ ೨೧ರಿಂದ ಜಾರಿಯಲ್ಲಿದೆ. ಇದರಂತೆ ಕೃತಿಯು ರಚಿತವಾದೊಡನೆಯೇ ಸ್ವಾಮ್ಯವು ಹುಟ್ಟುತ್ತದೆ. ಅದಕ್ಕೆ ನೋಂದಣಿಯು ಅವಶ್ಯವಲ್ಲ. ನೋಂದಣಿಯಿಂದಾಗುವ ಪ್ರಯೋಜನವು, ವಿವಾದ ಬಂದಾಗ ಮೇಲುನೋಟದ ಸಾಕ್ಷ್ಯವು ಒದಗುವುದು ಮಾತ್ರ. ಗ್ರಂಥಕರ್ತನ ಜೀವಿತಕಾಲದಲ್ಲಿಯೂ, ಆತನು ಕಾಲವಾದ ಮರುವರ್ಷದಿಂದ ೬೦ ವರ್ಷಗಳವರೆಗೂ ಸ್ವಾಮ್ಯವು ಉಳಿಯುತ್ತದೆ.

ಈ ಸ್ವಾಮ್ಯವನ್ನು ಪರರಿಗೆ ವಹಿಸಿಕೊಡುವ ಬಗೆಯನ್ನು ೧೯ನೆಯ ಪ್ರಕರಣವು ವಿಧಿಸುತ್ತದೆ. ಅದು ಬರವಣಿಗೆಯಲ್ಲಿದ್ದು, ಕೊಡುವವನ ರುಜುವನ್ನು ಹೊಂದಿರಬೇಕು. ಕೃತಿ, ಹಕ್ಕು, ಅವಧಿ, ಪ್ರದೇಶ, ಸಂಭಾವನೆ ಇವುಗಳನ್ನು ಅದರಲ್ಲಿ ಹೇಳಿರಬೇಕು. ಅವಧಿಯನ್ನು ಹೇಳದಿದ್ದರೆ ಅದು ೫ ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಅದು ಭಾರತದ ಮಟ್ಟಿಗೆಂದೂ ಭಾವಿಸತಕ್ಕದ್ದು. ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಉಪಯೋಗಿಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ.

ವಾಚಕರು ವಿಶೇಷವಾಗಿ ಗಮನಿಸತಕ್ಕ ಅಂಶವು ಇಲ್ಲಿದೆ. ಅವಧಿಯನ್ನೂ ಪ್ರದೇಶವನ್ನೂ ಕುರಿತ ಈ ರಕ್ಷಣೆಗಳು ಪತ್ರವು ಮೌನವಾಗಿರುವಲ್ಲಿ ಮಾತ್ರ ಸಲ್ಲುತ್ತವೆ. “ಸ್ವಾಮ್ಯದ ಪೂರ್ಣಾವಧಿಗೆ, ಸಮಸ್ತ ಪ್ರಪಂಚಕ್ಕೆ” ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಶಾಸನದ ಉಪಕಾರವೆಲ್ಲವೂ ವ್ಯರ್ಥ. ಷರತ್ತುಗಳು ಅತಿ ಕಠಿನವೆಂದು ಗ್ರಂಥಕರ್ತನು ದೂರಿಕೊಳ್ಳಬಹುದು. ಆದರೆ ವಹಿಸಿಕೊಟ್ಟ ದಿನದಿಂದ ೫ ವರ್ಷಗಳು ಕಳೆಯುವವರೆಗೆ ಅದನ್ನು ರದ್ದುಗೊಳಿಸುವ ಆಜ್ಞೆಯು ದೊರೆಯದು. ತನ್ನ ಕರ್ತೃತ್ವವನ್ನು ಹೇಳಿಕೊಳ್ಳುವ ಹಕ್ಕೂ, ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೂ ೫೭ನೆಯ ಪ್ರಕರಣದಂತೆ ಆಮೇಲೆಯೂ ಆತನಲ್ಲಿಯೇ ಉಳಿಯುತ್ತವೆ.

ಸಂಪಾದಕರಿಗೂ ಅಧ್ಯಾಪಕರಿಗೂ ಈ ವಿಚಾರವು ಪರಕೀಯವಲ್ಲ. ಪಂಪನ ಕಾವ್ಯಕ್ಕೆ ಇಂದು ಸ್ವಾಮಿಯಿಲ್ಲ. ಆದರೆ ಅದಕ್ಕೆ ಇಂದಿನ ವಿದ್ವಾಂಸನೊಬ್ಬನು ಬರೆದ ಪೀಠಿಕೆ, ಟಿಪ್ಪಣಿಗಳಿಗೆ ಸ್ವಾಮಿಯುಂಟು. ಮುಖ್ಯವಾಗಿ ಸ್ವಾಮ್ಯವಿಲ್ಲದ ಬರಹಗಳಿಂದ ಕೂಡಿದ ಪಾಠಸಂಕಲನದಲ್ಲಿ, ಸ್ವಾಮ್ಯವಿರುವ ಕೃತಿಗಳಿಂದಲೂ ಚಿಕ್ಕ ಭಾಗಗಳನ್ನು ಸೇರಿಸಬಹುದು. ಒಬ್ಬ ಪ್ರಕಾಶಕನು ೫ ವರ್ಷಗಳಲ್ಲಿ ಒಬ್ಬ ಗ್ರಂಥಕರ್ತನಿಂದ ಎರಡಕ್ಕಿಂತ ಹೆಚ್ಚು ಭಾಗಗಳನ್ನು ತೆಗೆದುಕೊಳ್ಳಲಾಗದು.

ಇನ್ನು ಸಲಹೆಯ ಮಾತು. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಶಾಸನವು ಬಡವರ ಕ್ರಿಮಿನಲ್ ಮೊಕದ್ದಮೆಗಳಿಗೆ ಮಾತ್ರ ಸಂಬಂಧಿಸಿದುದೆಂಬ ಭಾವನೆಯುಂಟು, ಅದು ಸರಿಯಲ್ಲ. ಅದು “ಕಾನೂನು ಸೇವೆ”ಗೆ ಕೊಟ್ಟಿರುವ ಅರ್ಥದಲ್ಲಿ ಯಾವುದೇ ನ್ಯಾಯವಿಷಯವನ್ನು ಕುರಿತ ಸಲಹೆಯೂ ಅಡಕವಾಗಿದೆ. ಆದುದರಿಂದ ಕರಾರುಪತ್ರವನ್ನು ಓದಿಸಿ ಅರ್ಥವನ್ನು ಕೇಳುವುದಕ್ಕೆ ವ್ಯಾಜ್ಯವು ಹುಟ್ಟಬೇಕಾಗಿಲ್ಲ. ೧೨ನೆಯ ಪ್ರಕರಣದಂತೆ ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಮೊದಲಾದವರು ಆದಾಯದ ಪರಿಗಣನೆಯಿಲ್ಲದೆ ಈ ಸೇವೆಗೆ ಅರ್ಹರು. ಇತರರು ನಿಗದಿಯಾದ ಆದಾಯಮಿತಿಯೊಳಗಿದ್ದರೆ ಅರ್ಹರು. ಲೇಖಕಿಯೊಬ್ಬಳು ತನ್ನ ಮೊದಲ ಕಾದಂಬರಿಯ ಕರಾರುಪತ್ರವನ್ನು ಜಿಲ್ಲಾ ಪ್ರಾಧಿಕಾರಕ್ಕಾಗಲಿ ತಾಲ್ಲೂಕು ಸಮಿತಿಗಾಗಲಿ ಒಯ್ದು ಸಲಹೆ ಕೇಳುವುದು ದಾಕ್ಷಿಣ್ಯದ ಯಾಚನೆಯಲ್ಲ, ಶಾಸನಬದ್ಧ ಹಕ್ಕು.

ಆದರೂ ಈ ಏರ್ಪಾಡಿನಲ್ಲಿ ಎರಡು ನ್ಯೂನತೆಗಳಿವೆ. ಅಲ್ಲಿಯ ವಕೀಲರು ಗ್ರಂಥಸ್ವಾಮ್ಯದಲ್ಲಿ ವಿಶೇಷ ಪರಿಶ್ರಮವುಳ್ಳವರೇ ಆಗಿರಬೇಕೆಂಬ ನಿಯಮವಿಲ್ಲ. ಆದಾಯಮಿತಿಯನ್ನು ಮೀರಿದ ಅನೇಕರು ಹೊರಗುಳಿಯುತ್ತಾರೆ. ಬೇರೆಡೆ ಈ ಕೊರತೆಯನ್ನು ವಿಶೇಷ ಸಂಸ್ಥೆಗಳು ನೀಗಿಸಿವೆ. ಆಸ್ಟ್ರೇಲಿಯದಲ್ಲಿ ೧೯೬೮ರಲ್ಲಿ ಸ್ಥಾಪಿತವಾದ ಕಾಪಿರೈಟ್ ಕೌನ್ಸಿಲು ಮಾಹಿತಿಪತ್ರಗಳನ್ನು ಉಚಿತವಾಗಿ ಹಂಚುವುದಲ್ಲದೆ, ಲೇಖಕರಿಗೂ ಕಲಾವಿದರಿಗೂ ವಕೀಲರಿಂದ ಉಚಿತ ಸಲಹೆಯನ್ನೂ ಕೊಡಿಸುತ್ತದೆ.

ನಮ್ಮ ವಿದ್ವತ್ಸಂಸ್ಥೆಗಳು ಅಷ್ಟು ದೊಡ್ಡ ಕಾರ್ಯಕ್ಕೆ ಕೈಹಾಕಬೇಕಾಗಿಲ್ಲ. ಸ್ವಾಮ್ಯವನ್ನು ಕೊಡುವುದೋ, ಮುದ್ರಣದ ಅನುಮತಿಯನ್ನು ಮಾತ್ರವೋ? ಎಷ್ಟು ಕಾಲಕ್ಕೆ? ಎಲ್ಲಿಗೆ? ಅನುವಾದ, ನಾಟಕ, ಚಲಚ್ಚಿತ್ರಗಳೂ ಸೇರಿದುವೋ? ಪ್ರತಿಫಲವೆಷ್ಟು? ಈ ಐದು ಪ್ರಶ್ನೆಗಳನ್ನು ವಿವರಿಸುವ ಕಿರುಹೊತ್ತಗೆಯೊಂದನ್ನು ಕನ್ನಡದಲ್ಲಿ ಪ್ರಕಟಿಸಿ, ಮಾದರಿ ಕರಾರುಪತ್ರವೊಂದನ್ನು ಸಿದ್ಧಪಡಿಸಿದರೆ, ಗ್ರಂಥಕರ್ತರಿಗೂ ಅವರ ಮಕ್ಕಳಿಗೂ ಮಹೋಪಕಾರವಾದೀತು.